ಮರ ಎತ್ತ ಓಡುತ್ತದೆ?

ಮೊದಲು ಮರಗೆಲಸದ ಬೆಂಚ್ ಮಾಡಿ ಮುಗಿಸುತ್ತಾರೆ, ಆಮೇಲೆ ವೈಸ್, ಅಂದರೆ ಮರವನ್ನು ಎರಡು ದವಡೆಗಳ ನಡುವೆ ತಿರುಪಿನಿಂದ ಬಿಗಿದು ಹಿಡಿಯುವ ಸಾಧನ, ತರಲು ಹೊರಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಮೈಸೂರಿನಲ್ಲಿ ಕಾರ್ ಶೆಡ್ಡಿನ ಮೂಲೆಯಲ್ಲೋ, ತಾರಸಿಗೆ ಶೀಟ್ ಹೊದಿಸಿದ ಜಾಗದಲ್ಲೋ ಭಾನುವಾರದ ಮರಗೆಲಸ ಹಚ್ಚಿಕೊಂಡವರು ಈಗ ಬೇಕಾದಷ್ಟು ಮಂದಿ. ಅವರ ಬೆಂಚುಗಳು ಬಹುಪಾಲು ಊಟದ ಮೇಜಿನ ಒಡಹುಟ್ಟುಗಳು: ನಾಲ್ಕು ಕಾಲು, ಕಾಲಿನ ತಲೆ ಸೇರಿಸುವ ನಾಲ್ಕು ಪಟ್ಟಿ, ಅದರ ಮೇಲೆ ಸುತ್ತಲೂ ಮೂರು ಇಂಚು ಹೊರಚಾಚಿದ ಹಲಗೆ. ಊಟಕ್ಕೆ ಕೂತವರ ಮಂಡಿಗೆ ಜಾಗ ಬೇಕು, ಒಪ್ಪೋಣ. ಬೆಂಚಿಗೆ ಯಾರೂ ಮಂಡಿ ತೂರಿಸಿ ಕೂರುವುದಿಲ್ಲವಲ್ಲ. ವೈಸ್ ಬಂದ ದಿನ ನೋಡಿದರೆ ಅದರ ಸರಳುಗಳು ಹಾದುಹೋಗಬೇಕಾದ ಕಡೆಯಲ್ಲೇ ಅಡ್ಡಪಟ್ಟಿ ಇರುತ್ತದೆ. ಪಟ್ಟಿಯನ್ನು ಕೊಯ್ಯುತ್ತಾರೆ, ಬೆಂಚ್ ಸಡಿಲವಾಗುತ್ತದೆ. ಹಲಗೆ ಒಂದೇ ಇಂಚು ದಪ್ಪ, ಅದಕ್ಕೆ ನಾಲ್ಕು ಸ್ಕ್ರೂ ಬಿಗಿದು 15 ಕೆಜಿ ಬೀಡನ್ನು, ಅಂದರೆ ಎರಕದ ಕಬ್ಬಿಣದ ವೈಸನ್ನು, ನೇತುಹಾಕುತ್ತಾರೆ. ಎರಡು ತಿಂಗಳಲ್ಲಿ ದವಡೆ ಜೋತು ಬೀಳುತ್ತದೆ. ಆಗ ಬರುವ ಪ್ರಶ್ನೆ: "ಯಾವ ಕಂಪನಿ ವೈಸ್ ಒಳ್ಳೇದು?"

ಕಂಪನಿ ಕೊನೆಯ ಪ್ರಶ್ನೆ. ಅದಕ್ಕಿಂತ ಮೊದಲಿನದನ್ನು ಕೇಳಿಸಿಕೊಂಡದ್ದು ಮಂಡ್ಯದ ಅಂಚಿನಲ್ಲಿ ಕಟ್ಟುತ್ತಿದ್ದ ಒಂದು ಮನೆಯಲ್ಲಿ.

ತೇಗದ ಬಾಗಿಲು, ಏಳು ಅಡಿ ಎತ್ತರ, ಮೂರು ಅಡಿ ಅಗಲ. ಚೌಕಟ್ಟಿಗೆ ಇಟ್ಟು ನೋಡಿದರೆ ಬೀಗದ ಕಡೆ ಒಂದು ನೂಲು ಹೆಚ್ಚು. ಅಂಚನ್ನು ಕೀಸಬೇಕು. ಬಾಗಿಲನ್ನು ಅಂಚಿನ ಮೇಲೆ ನಿಲ್ಲಿಸಿದರೆ ನಿಲ್ಲುವುದಿಲ್ಲ, ಒಬ್ಬ ಹುಡುಗ ಹಿಡಿದುಕೊಂಡರೂ ಉಜ್ಜುಗೊರಡಿನ ಪ್ರತಿ ತಳ್ಳಿಗೆ ಮುಂದಕ್ಕೆ ಜಾರುತ್ತದೆ. ಆಚಾರ್ರು ಸೆಂಟ್ರಿಂಗ್ ಕೆಲಸದಲ್ಲಿ ಉಳಿದಿದ್ದ ನಾಲ್ಕು ಇಂಚು-ಮೂರು ಇಂಚಿನ ಎರಡು ತುಂಡು ಎತ್ತಿಕೊಂಡರು. ಪ್ರತಿ ತುಂಡಿನ ನಡುವೆ ಎರಡು ಇಂಚು ಆಳದ ಕಚ್ಚು ಕೊಯ್ದರು. ಕಚ್ಚಿನ ಒಂದು ಗೋಡೆ ನೆಟ್ಟಗೆ, ಇನ್ನೊಂದು ಸ್ವಲ್ಪ ಓರೆ, ಮುಂದಕ್ಕೆ ಹೋದಂತೆ ಕಿರಿದಾಗುವ ಹಾಗೆ. ಎರಡನ್ನೂ ನೆಲದ ಮೇಲಿಟ್ಟು, ಕಚ್ಚಿನಲ್ಲಿ ಬಾಗಿಲು ನಿಲ್ಲಿಸಿ, ಓರೆಯ ಕಡೆ ಬೆಣೆ ತೂರಿಸಿ ಕೊಡತಿಯಲ್ಲಿ ಒಂದೊಂದು ಪೆಟ್ಟು. ಬೆಣೆಯ ಚೂಪು ತುದಿ ಉಜ್ಜುಗೊರಡು ಓಡುವ ದಿಕ್ಕಿಗೇ ಇತ್ತು. ಹಾಗಾಗಿ ತಳ್ಳಿದಷ್ಟೂ ಬಾಗಿಲು ಬೆಣೆಯನ್ನು ತನ್ನ ಜೊತೆಗೇ ಎಳೆದುಕೊಂಡು ಇನ್ನಷ್ಟು ಬಿಗಿಯಾಯಿತು. ಕೆಲಸ ಮುಗಿದ ಮೇಲೆ ಹಿಂದಿನಿಂದ ಒಮ್ಮೆ ಎಳೆದರು, ಬಿಟ್ಟುಕೊಂಡಿತು. ಹತ್ತು ನಿಮಿಷದ ಏರ್ಪಾಡು.

"ಆಚಾರ್ರೇ, ಒಂದು ವೈಸ್ ಇಟ್ಕೋಬಾರ್ದಾ?" ಎಂದು ಮನೆಯವರು ಕೇಳಿದರು.

"ಅಯ್ಯೋ ಬುಡಿ ಸಾ, ಅದ್ನ ಸೈಟಿಂದ ಸೈಟಿಗೆ ಯಾರ್ ಒತ್ಕಂಡ್ ತಿರುಗ್ತಾರೆ? ಮರ ಎತ್ಲಾಗ್ ಓಡ್ತದೆ ಅಂತ ನೋಡ್ಕಂಡು, ಅತ್ಲಾಗೊಂದು ಅಡ್ಡ ಕೊಟ್ರೆ ಆಯ್ತು."

ಬೀಟೆ ಮರದಲ್ಲಿ ಕೆತ್ತಿ ಬೇರೆ ಬಣ್ಣದ ಮರ ಕೂರಿಸುವ ಮೈಸೂರಿನ ಮಂಡಿ ಮೊಹಲ್ಲಾದ ಕುಸುರಿಯವರನ್ನೂ ಇಲ್ಲಿ ನೆನೆಯಬೇಕು. ನೆಲದ ಮೇಲೆ ಕೂತು, ಕಾಲಿನಲ್ಲಿ ಅದುಮಿಕೊಂಡು, ಗೂಟಕ್ಕೆ ಆನಿಸಿಕೊಂಡು ಮಾಡುವ ಆ ಕೆಲಸಕ್ಕೆ ವೈಸ್ ಇಲ್ಲದ್ದು ಕೊರತೆಯಾಗಿ ಕಂಡೇ ಇಲ್ಲ. ಕೂತು ಮಾಡುವವನಿಗೆ ಎರಡು ಪಾದ ಉಳಿಯುತ್ತವೆ. ನಿಂತ ಕೂಡಲೇ ಆ ಎರಡೂ ಮೈಭಾರ ಹೊರುವುದಕ್ಕೆ ಹೋಗುತ್ತವೆ. ನಿಂತು ಕೆಲಸ ಮಾಡುವವರಿಗೆ ವೈಸ್ ಬೇಕಾಗಿರುವುದು ಆ ಕಳೆದುಹೋದ ಪಾದಗಳ ಬದಲಿಗೆ.

ಮೂರು ಕೆಲಸ, ಮೂರು ದಿಕ್ಕು

ಹಲಗೆಯ ಮುಖ ಕೀಸುವಾಗ ಮರ ಬೆಂಚಿನ ಉದ್ದಕ್ಕೆ ಎಡಗಡೆ ಓಡುತ್ತದೆ. ಇದಕ್ಕೆ ವೈಸ್ ಬೇಡ. ಎಡತುದಿಯಲ್ಲಿ ಒಂದು ತಡೆಗೂಟ, ಹಲಗೆಗಿಂತ ತಗ್ಗಾಗಿ ಐದಾರು ಮಿ.ಮೀ. ಮೇಲೆದ್ದಿದ್ದರೆ ಸಾಕು. ತೆಳು ಹಲಗೆಯನ್ನು ಎರಡು ಕಡೆಯಿಂದ ಒತ್ತಿ ಹಿಡಿದರೆ ಅದು ಬಿಲ್ಲಿನಂತೆ ಬಾಗುತ್ತದೆ. ಬಾಗಿದ್ದನ್ನೇ ಸಮ ಮಾಡಿ, ಬಿಟ್ಟ ಮೇಲೆ ಗುಳಿ ಬಿದ್ದಿದೆ ಎಂದು ಉಜ್ಜುಗೊರಡನ್ನು ಬೈಯುವುದು ನಡೆದೇ ಇದೆ.

ಅಂಚು ಕೀಸುವಾಗ ಮರ ಎರಡು ಕಡೆ ಓಡುತ್ತದೆ, ಉದ್ದಕ್ಕೂ ಹೌದು, ಪಕ್ಕಕ್ಕೆ ವಾಲುವುದೂ ಹೌದು. ಇಲ್ಲಿ ವೈಸ್ ಬೇಕು. ಮೂರನೆಯದು ತುಂಡನ್ನು ನೆಟ್ಟಗೆ ನಿಲ್ಲಿಸಿ ತುದಿಯಲ್ಲಿ ಗರಗಸ ಹಾಕುವುದು, ಅಂದರೆ ಮಾರ್ಟೈಸ್ ಎಂಬ ತೂತಿಗೆ ಕೂರುವ ಟೆನನ್ ಎಂಬ ನಾಲಿಗೆ, ಡ್ರಾಯರಿನ ಮೂಲೆ ಕೂಡಿಸುವ ಡವ್‌ಟೇಲ್ ಹಲ್ಲು. ಗರಗಸ ಕೆಳಕ್ಕೆ ಒತ್ತುತ್ತದೆ, ಪಕ್ಕಕ್ಕೆ ನಡುಗಿಸುತ್ತದೆ. ಇಲ್ಲಿ ಬಿಗಿಯಷ್ಟೇ ಮುಖ್ಯ, ದವಡೆಯಿಂದ ಎಷ್ಟು ಮರ ಮೇಲೆ ಉಳಿದಿದೆ ಎಂಬುದು. ಆರು ಇಂಚು ಮೇಲೆ ನಿಂತ ಹಲಗೆ ಎಂಥ ವೈಸಿನಲ್ಲೂ ಗುಂಯ್‌ಗುಡುತ್ತದೆ, ಎರಡು ಇಂಚಿಗೆ ಇಳಿಸಿದರೆ ಸುಮ್ಮನಾಗುತ್ತದೆ.

ಯಾವ ಕೆಲಸ ಹೆಚ್ಚು ಎಂಬುದರ ಮೇಲೆ ವೈಸ್. ಬಾಗಿಲು, ಕಿಟಕಿ, ಮಂಚದ ಉದ್ದನೆ ತುಂಡುಗಳಾದರೆ ಬೆಂಚಿನ ಕಾಲನ್ನೇ ಒಂದು ದವಡೆ ಮಾಡಿಕೊಳ್ಳುವ ಕಾಲು ವೈಸ್ (ಲೆಗ್ ವೈಸ್). ಎಲ್ಲ ಬಗೆಯ ಸಣ್ಣಪುಟ್ಟ ಕೆಲಸಕ್ಕೆ ಬೀಡಿನ ಮರಗೆಲಸದ ವೈಸ್. ಡ್ರಾಯರು, ಪೆಟ್ಟಿಗೆಗಳೇ ಹೆಚ್ಚಾದರೆ ಬೆಂಚಿನ ಮೇಲಿಟ್ಟು ಬಿಗಿದುಕೊಳ್ಳುವ ಎರಡು ತಿರುಪಿನ ಮಾಕ್ಸನ್ ವೈಸ್. ಇದನ್ನು ಎರಡು ಹಲಗೆ, ಎರಡು 16 ಅಥವಾ 20 ಮಿ.ಮೀ. ಥ್ರೆಡ್ ರಾಡು, ನಾಲ್ಕು ನಟ್ಟಿನಲ್ಲಿ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಬೇಡದಾಗ ಗೋಡೆಗೆ ನೇತುಹಾಕಬಹುದು.

ಅಂಗಡಿಯಲ್ಲಿ

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಬೆಂಚ್ ವೈಸ್" ಎಂದರೆ ಕೈಗೆ ಬರುವುದು ಫಿಟ್ಟರ್ ವೈಸ್. ಮೇಜಿನ ಮೇಲೆ ಕೂರುವ, ಹಲ್ಲುಕಚ್ಚಿದ ಉಕ್ಕಿನ ದವಡೆಯ, ಕಬ್ಬಿಣ ಅರ ಹಾಕುವವರ ವೈಸ್. ಅದರಲ್ಲಿ ತೇಗ ಹಿಡಿದರೆ ದವಡೆಯ ಗೆರೆಗಳು ಅಚ್ಚು ಒತ್ತಿದಂತೆ ಮೂಡುತ್ತವೆ. ಅದಕ್ಕೆ ಹಲಗೆ ಕಟ್ಟಿಕೊಂಡರೂ ದವಡೆ ಬೆಂಚಿಗಿಂತ ಐದಾರು ಇಂಚು ಮೇಲಿರುವುದರಿಂದ ಉದ್ದ ಹಲಗೆಗೆ ಬೆಂಚಿನ ಆಸರೆಯೇ ಸಿಗುವುದಿಲ್ಲ. "ಕಾರ್ಪೆಂಟ್ರಿ ವೈಸ್" ಎಂದು ಬಿಡಿಸಿ ಹೇಳಬೇಕು. ಇನ್ನು ಐ.ಟಿ.ಐ. ಕಲಿತವರ ಬಳಿ "ಲೆಗ್ ವೈಸ್" ಎಂದರೆ ಅವರ ಕಣ್ಣ ಮುಂದೆ ಬರುವುದು ಕಮ್ಮಾರರ ಕಾಲು ವೈಸ್, ಕಾದ ಕಬ್ಬಿಣಕ್ಕೆ ಸುತ್ತಿಗೆ ಪೆಟ್ಟು ತಿನ್ನುವ ಜಾತಿಯದು. ನಮಗೆ ಬೇಕಾದ ಮರದ ಕಾಲು ವೈಸ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಮಾಡಿಕೊಳ್ಳುವಂಥದ್ದು.

ಬೀಡಿನ ಕಾರ್ಪೆಂಟ್ರಿ ವೈಸಿನಲ್ಲಿ ಈಗ ಸಿಗುವ ಅನೇಕ ಮಾದರಿಗಳು ಶೆಫೀಲ್ಡಿನ ಹಳೆಯ ರೆಕಾರ್ಡ್ ವೈಸಿನ ಬಳಗಕ್ಕೆ ಸೇರಿದವು. ನಡುವೆ ಒಂದು ದಪ್ಪ ತಿರುಪು, ಅದರ ಎರಡು ಪಕ್ಕ ಎರಡು ಸರಳು. ರೆಕಾರ್ಡ್ 52½ ಎಂಬ ಮಾದರಿಗೆ 9 ಇಂಚು ದವಡೆ, 13 ಇಂಚು ತೆರಪು. ಮನೆಯ ಬೆಂಚಿಗೆ 7 ಅಥವಾ 9 ಇಂಚು ದವಡೆ ಸರಿಯಾದ ಅಳತೆ. ತೆರಪು 8 ಇಂಚಿದ್ದರೂ ದಿನದ ಕೆಲಸಕ್ಕೆ ಧಾರಾಳ. ಅಳೆಯಬೇಕಾದ, ಆದರೆ ಯಾರೂ ಅಳೆಯದ ಇನ್ನೊಂದು ಇದೆ: ದವಡೆಯ ತುದಿಯಿಂದ ಕೆಳಗಿನ ಸರಳಿನವರೆಗಿನ ಆಳ. ಅಗಲದ ಹಲಗೆ ನಿಲ್ಲಿಸಿದಾಗ ಅದು ಸರಳಿನ ಮೇಲೆ ಕೂತುಬಿಡುತ್ತದೆ, ಆ ಆಳದಷ್ಟೇ ಹಿಡಿತ. ಮೂರು ಇಂಚಿಗಿಂತ ಕಡಿಮೆ ಇದ್ದರೆ ಬೇಡ.

ಕ್ವಿಕ್ ರಿಲೀಸ್ ಬೇಕೆ? ಮುಂದಿನ ಚಿಕ್ಕ ಹಿಡಿ ಒತ್ತಿದರೆ ಒಳಗಿನ ಅರ್ಧನಟ್ಟು ತಿರುಪಿನಿಂದ ಕಳಚಿಕೊಂಡು ದವಡೆ ಸರ್ರನೆ ಜಾರುತ್ತದೆ. ಬೇರೆ ಬೇರೆ ದಪ್ಪದ ತುಂಡುಗಳನ್ನು ದಿನವಿಡೀ ಬದಲಾಯಿಸುವವರಿಗೆ ಇದು ನಿಜವಾದ ಅನುಕೂಲ. ಆದರೆ ಅಗ್ಗದ ವೈಸಿನಲ್ಲಿ ಮೊದಲು ಕೈಕೊಡುವುದೂ ಇದೇ. ಮರದ ಪುಡಿ ಅರ್ಧನಟ್ಟಿನ ಹಲ್ಲಿನಲ್ಲಿ ಗಟ್ಟಿಯಾಗಿ ಕೂತು, ಬಿಗಿಯುವಾಗ ಟಕ್ಕೆಂದು ಒಂದು ಹಲ್ಲು ಹಾರುತ್ತದೆ. ಹಣ ಅಷ್ಟಕ್ಕಷ್ಟೇ ಆದರೆ ಕ್ವಿಕ್ ರಿಲೀಸ್ ಇಲ್ಲದ, ಭಾರವಾದ ಸಾದಾ ವೈಸೇ ಮೇಲು.

ಹೊಸದಿರಲಿ ಹಳೆಯದಿರಲಿ, ಅಂಗಡಿಯಲ್ಲೇ ದವಡೆಯನ್ನು ಆರು ಇಂಚು ತೆರೆದು ಮುಂದಿನ ದವಡೆಯನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ತುದಿಯಲ್ಲಿ ಎರಡು ಮೂರು ಮಿ.ಮೀ. ಆಟವಾಡಿದರೆ ಸಹಜ, ಐದು ದಾಟಿದರೆ ಸರಳೋ ಅದರ ತೂತೋ ಸವೆದಿದೆ. ಆಮೇಲೆ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ದವಡೆಗಳ ಮೇಲ್ತುದಿ ಮೊದಲು ಕೂಡಿ ಬುಡದಲ್ಲಿ ಕೂದಲೆಳೆ ಬೆಳಕು ಕಂಡರೆ ಒಳ್ಳೆಯ ಲಕ್ಷಣ. ಬುಡ ಕೂಡಿ ಮೇಲೆ ಬೆಳಕು ಕಂಡರೆ ಹಲಗೆ ಹಚ್ಚುವಾಗ ಸರಿಪಡಿಸುವ ಕೆಲಸ ನಿಮ್ಮದು. ಹಳೆಯ ವೈಸಾದರೆ ಸ್ಪ್ಯಾನರಿನಲ್ಲಿ ಮೆಲ್ಲಗೆ ತಟ್ಟಿ: ಗಂಟೆಯಂತೆ ದನಿ ಬಂದರೆ ಸರಿ, ಒಡೆದ ಮಡಕೆಯ ದನಿ ಬಂದರೆ ಎಲ್ಲೋ ಬಿರುಕಿದೆ, ಅದರ ಮೇಲೆ ಪುಟ್ಟಿ ಹಚ್ಚಿ ಹೊಸ ಬಣ್ಣ ಬಳಿದಿರುತ್ತಾರೆ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಹಿಡಿಗೆ ಪೈಪು ತೂರಿಸಿ ಬಿಗಿಯುವ ಚಾಳಿ ಇದ್ದವರ ಕೈಯಿಂದ ಬಂದ ವೈಸ್ ಕೊಳ್ಳಬೇಡಿ. ಹಿಡಿಯ ಉದ್ದವೇ ಅದರ ಮಿತಿಯನ್ನು ಹೇಳುತ್ತಿರುತ್ತದೆ.

ಕಾಲು ವೈಸ್: ಖರ್ಚು ಕಮ್ಮಿ, ಲೆಕ್ಕ ಜಾಸ್ತಿ

ಬೆಂಚಿನ ಮುಂದಿನ ಎಡಗಾಲೇ ಇದರ ಹಿಂದಿನ ದವಡೆ. ಅದರ ಮುಂದೆ ನೆಲದಿಂದ ಒಂದೆರಡು ಇಂಚು ಮೇಲಿನಿಂದ ಹಿಡಿದು ಬೆಂಚಿನ ಮಟ್ಟದವರೆಗೆ ನಿಲ್ಲುವ ಎರಡೂವರೆ ಇಂಚು ದಪ್ಪ, ಏಳೆಂಟು ಇಂಚು ಅಗಲದ ಒಂದು ಗಟ್ಟಿ ಹಲಗೆ. ಮೇಲ್ತುದಿಯಿಂದ 220 ಮಿ.ಮೀ. ಕೆಳಗೆ ತಿರುಪು. ತೀರ ಕೆಳಗೆ, ನೆಲದ ಹತ್ತಿರ, ಹಲಗೆಗೆ ಕೂಡಿಸಿದ ಒಂದು ತೂತುಪಟ್ಟಿ ಬೆಂಚಿನ ಕಾಲಿನೊಳಗೆ ಹಾದುಹೋಗುತ್ತದೆ. ಪಟ್ಟಿಯ ತೂತಿನಲ್ಲಿ ಒಂದು ಗೂಟ.

ಈ ಗೂಟ ಆಧಾರ, ತಿರುಪು ಬಲ, ಮೇಲಿನ ಮರ ಭಾರ. ಏತದ ಲೆಕ್ಕವೇ. ಗೂಟದಿಂದ ತಿರುಪಿಗೆ 500 ಮಿ.ಮೀ., ತಿರುಪಿನಿಂದ ಹಿಡಿದ ಮರಕ್ಕೆ 200 ಮಿ.ಮೀ. ಇದ್ದರೆ ತಿರುಪಿನ ಬಲದಲ್ಲಿ ಏಳುನೂರಕ್ಕೆ ಐನೂರು, ಅಂದರೆ ಶೇ. 71ರಷ್ಟು ಮರಕ್ಕೆ ತಲುಪುತ್ತದೆ. ಬಗ್ಗಿ ಗೂಟ ಬದಲಿಸಲು ಸೋಮಾರಿತನವೆಂದು ಪಟ್ಟಿಯನ್ನು ತಿರುಪಿನಿಂದ 250 ಮಿ.ಮೀ. ಕೆಳಗೇ ಹಾಕಿದರೆ ಅದು ಶೇ. 56ಕ್ಕೆ ಇಳಿಯುತ್ತದೆ. ಬಗ್ಗುವುದು ತಪ್ಪುವುದಿಲ್ಲ, ಪಟ್ಟಿ ಕೆಳಗೇ ಇರಲಿ. ತೂತುಗಳು ಎರಡು ಸಾಲು, ಒಂದೊಂದು ಸಾಲಿನಲ್ಲಿ ಇಂಚಿಗೊಂದು, ಎರಡನೆಯ ಸಾಲು ಅರ್ಧ ಇಂಚು ಸರಿದು. ಗೂಟ ಹಾಕುವ ನಿಯಮ ಒಂದೇ: ಬುಡದ ತೆರಪು, ಮೇಲೆ ಹಿಡಿಯುವ ಮರದ ದಪ್ಪಕ್ಕಿಂತ ತುಸು ಹೆಚ್ಚಿರಲಿ. ಆಗ ಮೇಲ್ತುದಿ ಮೊದಲು ಕಚ್ಚುತ್ತದೆ. ಕಡಿಮೆಯಾದರೆ ಮೇಲ್ಗಡೆ ಬಾಯಿ ಬಿಟ್ಟುಕೊಂಡು ಹಲಗೆ ಜಾರುತ್ತದೆ, ತಿರುಪನ್ನು ಎಷ್ಟು ಬಿಗಿದರೂ ಅಷ್ಟೇ.

ತಿರುಪು ಎಲ್ಲಿಂದ? ಸೆಂಟ್ರಿಂಗಿನವರು ಬಳಸುವ ಜಾಕ್ ಇದೆಯಲ್ಲ, ದಪ್ಪ ಥ್ರೆಡ್ಡಿನ ಸರಳು, ಕಿವಿಯಿರುವ ನಟ್ಟು, ಅದು ಹೊಂದುತ್ತದೆ. ಥ್ರೆಡ್ಡು ಒರಟು, ಸಿಮೆಂಟಿನ ಕರೆ ಇರುತ್ತದೆ, ತಂತಿ ಬ್ರಷ್ಷಿನಲ್ಲಿ ತಿಕ್ಕಿದರೆ ಹಲವು ವರ್ಷ ದುಡಿಯುತ್ತದೆ. ಇನ್ನೂ ನಯವಾಗಿ ಬೇಕೆಂದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಯಾವುದಾದರೂ ಲೇತ್ ಅಂಗಡಿಯಲ್ಲಿ ಒಂದೂಕಾಲು ಇಂಚಿನ ಸರಳಿಗೆ ಚೌಕ ಥ್ರೆಡ್ಡು, ಕಂಚಿನ ಅಥವಾ ಬೀಡಿನ ನಟ್ಟು ಮಾಡಿಸಿಕೊಳ್ಳಬಹುದು. ಸಾಮಾನ್ಯ ನಟ್ಟುಬೋಲ್ಟಿನ ಚೂಪು ಥ್ರೆಡ್ಡು ಇಲ್ಲಿ ಬೇಡ. ದಿನಕ್ಕೆ ನೂರು ಸಲ ಬಿಗಿದು ಬಿಡುವ ಕೆಲಸಕ್ಕೆ ಬೇಗ ಸವೆಯುತ್ತದೆ, ಒಂದಿಂಚು ತೆರೆಯಲು ಸುತ್ತಿ ಸುತ್ತಿ ಕೈ ಸೋಲುತ್ತದೆ.

ಮುಂದಿನ ಹಲಗೆಗೆ ಮರ ಯಾವುದು ಎಂದರೆ ಗಾಡಿ ಚಕ್ರಕ್ಕೆ ಮಂಡ್ಯದವರು ನೆಚ್ಚಿದ ಜಾಲಿ, ಇಲ್ಲವೆ ಹೊನ್ನೆ, ಮತ್ತಿ. ತೇಗವಾದರೂ ಸರಿ, ಆದರೆ ಅಷ್ಟು ದುಡ್ಡು ಬೇಕಿಲ್ಲ. ಹೆಬ್ಬೇವು ಬೇಡ, ಮೆತ್ತಗೆ ಬಾಗುತ್ತದೆ.

ಬೀಡಿನ ವೈಸ್ ಕೂರಿಸುವುದು

ಜಾಗ ಮೊದಲು. ಬಲಗೈಯವರಿಗೆ ಬೆಂಚಿನ ಮುಂಭಾಗದ ಎಡತುದಿ. ಕೀಸುವುದು ಬಲದಿಂದ ಎಡಕ್ಕೆ, ಹಲಗೆಯ ಎಡತುದಿ ವೈಸಿನಲ್ಲಿ, ಉಳಿದ ಉದ್ದ ಬೆಂಚಿನ ಮುಂದೆ ಬಲಕ್ಕೆ ಚಾಚಿಕೊಳ್ಳುತ್ತದೆ. ಎಡಗೈಯವರಿಗೆ ಇದರ ತಿರುಗು. ವೈಸ್ ಆದಷ್ಟು ಕಾಲಿನ ಪಕ್ಕಕ್ಕೆ ಅಂಟಿಕೊಂಡಿರಬೇಕು, ಎರಡು ಕಾಲಿನ ನಡುಮಧ್ಯ ಎಂದಿಗೂ ಬೇಡ. ಉಳಿಯ ಪೆಟ್ಟು ಬಿದ್ದಾಗ ಬೆಂಚಿನ ಹಲಗೆ ಕುಣಿಯುತ್ತದೆ. ಬೆಂಚಿನ ಕಾಲು ಮತ್ತು ಹಲಗೆಯ ಮುಂದಂಚು ಒಂದೇ ಮಟ್ಟದಲ್ಲಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ: ಆರಡಿ ಹಲಗೆಯ ಎಡತುದಿ ವೈಸಿನಲ್ಲಿದ್ದಾಗ ಬಲತುದಿಯನ್ನು ಬಲಗಾಲಿನಲ್ಲಿ ತೂತು ಕೊರೆದು ಹಾಕಿದ ಗೂಟದ ಮೇಲೆ ಕೂರಿಸಿ ಅದೇ ಕಾಲಿಗೆ ಒಂದು ಕ್ಲಾಂಪ್ ಹಾಕಬಹುದು. ಊಟದ ಮೇಜಿನ ಒಡಹುಟ್ಟಿನಲ್ಲಿ ಇದು ಆಗದ ಮಾತು. ಅಂಥ ಬೆಂಚ್ ಈಗಾಗಲೇ ಇದ್ದರೆ ಕಾಲುಗಳ ಮುಂದೆ ಮೂರು ಇಂಚಿನ ತುಂಡು ಬೋಲ್ಟ್ ಮಾಡಿ ಮಟ್ಟಕ್ಕೆ ತರಬೇಕು.

ಎರಡನೆಯದು ಎತ್ತರ. ಕಬ್ಬಿಣದ ದವಡೆಯ ತುದಿ ಬೆಂಚಿನ ಮೇಲ್ಮೈಗಿಂತ 12 ಮಿ.ಮೀ. ಕೆಳಗಿರಲಿ. ದವಡೆಗೆ ಹಚ್ಚುವ ಮರದ ಹಲಗೆ ಮಾತ್ರ ಬೆಂಚಿನ ಮಟ್ಟಕ್ಕೆ ಬರಲಿ. ಉಜ್ಜುಗೊರಡಿನ ಅಲಗು ಒಮ್ಮೆ ಬೀಡಿಗೆ ತಾಗಿದರೆ ಅರ್ಧ ದಿನ ಸಾಣೆ ಕಲ್ಲಿನ ಮುಂದೆ. ಈ ಎತ್ತರ ತರಲು ವೈಸ್ ಮತ್ತು ಬೆಂಚಿನ ತಳದ ನಡುವೆ ಸಂದು ತುಂಬುವ ಪ್ಯಾಕಿಂಗ್ ಬೇಕು. ವೈಸ್ ಬೆಂಚಿನ ತಳಕ್ಕೆ ಕೂರುವ ಪಾದದಿಂದ ದವಡೆಯ ತುದಿಯವರೆಗೆ ಅಳೆಯಿರಿ, ಅದಕ್ಕೆ 12 ಕೂಡಿಸಿ, ಬೆಂಚಿನ ಹಲಗೆಯ ದಪ್ಪ ಕಳೆಯಿರಿ. ಪಾದದಿಂದ ತುದಿಗೆ 75, ಹಲಗೆ 50 ಎಂದರೆ 75ಕ್ಕೆ 12 ಸೇರಿ 87, ಅದರಲ್ಲಿ 50 ಹೋದರೆ 37. ಹತ್ತೊಂಬತ್ತು ಮಿ.ಮೀ. ಪ್ಲೈ ಎರಡು ಪದರ ಅಂಟಿಸಿದರೆ 38, ಒಂದು ಮಿ.ಮೀ. ಕೆಳಗೆ ಹೋದರೆ ನಷ್ಟವೇನಿಲ್ಲ. ಹಲಗೆ 100 ಮಿ.ಮೀ. ದಪ್ಪದ ಘನ ಮರವಾದರೆ ಲೆಕ್ಕ ಮೈನಸ್ 13 ಬರುತ್ತದೆ, ಆಗ ತಳದಲ್ಲಿ ಅಷ್ಟು ಆಳ ಕೆತ್ತಿ ಕೂರಿಸಬೇಕು. ತೆಳ್ಳನೆ ಹಲಗೆಯ ಬೆಂಚಾದರೆ ಪ್ಯಾಕಿಂಗನ್ನು ವೈಸಿನ ಅಳತೆಗಷ್ಟೇ ಕೊಯ್ಯದೆ ಎಲ್ಲ ಕಡೆ ನಾಲ್ಕು ಇಂಚು ಹೆಚ್ಚು ಬಿಟ್ಟು ಅಂಟಿಸಿ, ಭಾರ ಹಂಚಿಹೋಗಲಿ.

ಮೂರನೆಯದು ಹಿಂದಿನ ದವಡೆ, ಹೆಚ್ಚಿನವರು ಸೋಲುವುದು ಇಲ್ಲೇ. ಅದನ್ನು ಬೆಂಚಿನ ಮುಂದಂಚಿಗೆ ಸುಮ್ಮನೆ ತಗುಲಿಸಿದರೆ ಹಲಗೆ ಸಮೇತ ಒಂದೂವರೆ ಇಂಚು ಮುಂದೆ ಬರುತ್ತದೆ, ಉದ್ದ ಹಲಗೆ ಹಿಡಿದಾಗ ಬೆಂಚಿಗೂ ಹಲಗೆಗೂ ನಡುವೆ ಅಷ್ಟು ಸಂದು. ಬಿಗಿದ ತುದಿಯೊಂದು ಬಿಟ್ಟು ಉಳಿದದ್ದೆಲ್ಲ ಗಾಳಿಯಲ್ಲಿ. ಎರಡು ದಾರಿಗಳಿವೆ. ದವಡೆಯ ದಪ್ಪ 20, ಹಚ್ಚುವ ಹಲಗೆ 18 ಎಂದುಕೊಂಡು 38 ಮಿ.ಮೀ. ಆಳದ ಕಚ್ಚನ್ನು ಬೆಂಚಿನ ಅಂಚಿನಲ್ಲಿ ಕೆತ್ತಿ ದವಡೆಯನ್ನು ಪೂರ್ತಿ ಒಳಗೆ ಅಡಗಿಸುವುದು ಒಂದು. ಇನ್ನೊಂದು ಸುಲಭದ್ದು: 20 ಮಿ.ಮೀ. ಮಾತ್ರ ಕೆತ್ತಿ ಕಬ್ಬಿಣವನ್ನು ಅಂಚಿನ ಮಟ್ಟಕ್ಕೆ ತಂದು, ಬೆಂಚಿನ ಪೂರ್ತಿ ಉದ್ದಕ್ಕೆ 18 ಮಿ.ಮೀ. ಪಟ್ಟಿಯೊಂದನ್ನು ಅದರ ಮೇಲೆ ಹಾಯಿಸುವುದು. ಪಟ್ಟಿಯನ್ನು ಅಂಟಿಸಬೇಡಿ, ಸ್ಕ್ರೂ ಮಾಡಿ. ನಾಲ್ಕೈದು ವರ್ಷಕ್ಕೆ ಗರಗಸದ ಗಾಯ ತುಂಬಿ ಅದನ್ನು ಬದಲಿಸಬೇಕಾಗುತ್ತದೆ. ಕಾಲಿನ ಮುಂದೆಯೂ ಅಷ್ಟೇ ದಪ್ಪದ ತುಂಡು ಹಾಕುವುದು ಮರೆಯಬಾರದು.

ಈಗ ಎತ್ತಿ ಕಟ್ಟುವ ಸರ್ಕಸ್. ಇಬ್ಬರಿದ್ದರೆ ಬೆಂಚನ್ನೇ ತಲೆಕೆಳಗು ಮಾಡಿ ವೈಸನ್ನು ಮೇಲಿಂದ ಇಡುವುದು ಸುಖ. ಒಬ್ಬರೇ ಆದರೆ ನಾಲ್ಕು ಇಟ್ಟಿಗೆ ಪೇರಿಸಿ ಅದರ ಮೇಲೆ ಕಾರಿನ ಜಾಕ್, ಜಾಕಿನ ಮೇಲೆ ಹಲಗೆ ತುಂಡು, ಅದರ ಮೇಲೆ ವೈಸ್. ಮಿ.ಮೀ. ಲೆಕ್ಕದಲ್ಲಿ ಮೇಲೇರಿಸಿ ಕೂರಿಸಬಹುದು, ಬೆನ್ನು ಉಳಿಯುತ್ತದೆ. ದವಡೆಯನ್ನು ಮುಚ್ಚಿಟ್ಟೇ ಮೇಲೇರಿಸಿ, ತೆರೆದಿದ್ದರೆ ಮುಂದಿನ ಭಾರಕ್ಕೆ ಮುಗ್ಗರಿಸುತ್ತದೆ. ಒಂದೇ ತೂತು ಗುರುತಿಸಿ ಕೊರೆದು, ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಡಿ. ಮೂಲೆಮಟ್ಟ ಇಟ್ಟು ದವಡೆ ಬೆಂಚಿನ ಅಂಚಿಗೆ ಸಮವಾಗಿದೆಯೇ, ಸರಳುಗಳು ಪೂರ್ತಿ ಒಳಹೋದಾಗ ಹಿಂದಿನ ಪಟ್ಟಿಗೆ ತಾಗುತ್ತವೆಯೇ, ಹಿಡಿ ಸುತ್ತುವಾಗ ಕಾಲಿಗೆ ಬಡಿಯುತ್ತದೆಯೇ ನೋಡಿ, ಆಮೇಲೆ ಉಳಿದ ಮೂರು. ನಾಲ್ಕನ್ನೂ ಒಟ್ಟಿಗೆ ಗುರುತಿಸಿ ಕೊರೆದರೆ ಒಂದಾದರೂ ತಪ್ಪುವುದು ಖಂಡಿತ, ಬೀಡಿನ ತೂತುಗಳು ಅಷ್ಟು ಕರಾರುವಾಕ್ಕಾಗಿರುವುದಿಲ್ಲ.

ಬೋಲ್ಟೋ ಕೋಚ್ ಸ್ಕ್ರೂವೋ? ಘನ ಮರದ ಎರಡು ಇಂಚಿಗಿಂತ ದಪ್ಪ ಹಲಗೆಯಾದರೆ 10 ಮಿ.ಮೀ. ಕೋಚ್ ಸ್ಕ್ರೂ ನಡೆಯುತ್ತದೆ, ತೇಗಕ್ಕೆ 7 ಮಿ.ಮೀ. ಮುಂತೂತು ಕೊರೆದು, ಸ್ಕ್ರೂವಿಗೆ ಮೇಣ ಸವರಿ. ಮುಂತೂತಿಲ್ಲದೆ ಹಾಕಿದರೆ ತಲೆ ಮುರಿದು ಮರದೊಳಗೇ ಉಳಿಯುತ್ತದೆ. ಪ್ಲೈ ಆದರೆ, ಅಥವಾ ಹಲಗೆ ತೆಳುವಾದರೆ, ಆರುಪಾರು ಬೋಲ್ಟೇ ಬೇಕು. 10 ಅಥವಾ 12 ಮಿ.ಮೀ. ಕ್ಯಾರೇಜ್ ಬೋಲ್ಟನ್ನು ಮೇಲಿನಿಂದ ಇಳಿಸಿ, ತಲೆಯನ್ನು 15 ಮಿ.ಮೀ. ಆಳದ ಕುಳಿಯಲ್ಲಿ ಮುಳುಗಿಸಿ, ಮೇಲೆ ಮರದ ಬಿರಡೆ ಹಾಕಿ ಮಟ್ಟ ಮಾಡಿ. ಬಿರಡೆಗೆ ಅಂಟು ಒಂದೇ ಹನಿ, ಮುಂದೆ ಬಿಚ್ಚಬೇಕಾಗಬಹುದು. ಕೆಳಗೆ ಅಗಲದ ವಾಷರ್, ಸ್ಪ್ರಿಂಗ್ ವಾಷರ್, ನಟ್ಟು.

ಹಲಗೆ, ಚರ್ಮ, ಇಸ್ಪೀಟು

ದವಡೆಗೆ ಹಚ್ಚುವ ಹಲಗೆ ಗಟ್ಟಿ ಮರದ್ದೇ ಆಗಬೇಕೆಂದು ಬೀಟೆ ತುಂಡು ಹುಡುಕುವವರಿದ್ದಾರೆ. ಬೇಡ. ಗಟ್ಟಿ ಮರ ಜಾರುತ್ತದೆ, ಹಿಡಿದ ಮರದ ಮೇಲೆ ಗುರುತನ್ನೂ ಬಿಡುತ್ತದೆ. ಕೊಡಗಿನ ತೋಟಗಳಿಂದ ಬರುವ ಸಿಲ್ವರ್ ಓಕ್ ಸಾಕು, ಮಾವಾದರೂ ಸರಿ. 18–20 ಮಿ.ಮೀ. ದಪ್ಪ, ದವಡೆಗಿಂತ ಎರಡು ಪಕ್ಕಕ್ಕೂ ಒಂದೊಂದು ಇಂಚು ಹೆಚ್ಚು. ಮುಂದಿನ ಹಲಗೆಯನ್ನು ಮೇಲ್ತುದಿಯಲ್ಲಿ ಪೂರ್ತಿ ದಪ್ಪ ಬಿಟ್ಟು ಬುಡಕ್ಕೆ ಹೋಗುತ್ತಾ ಒಂದರಿಂದ ಒಂದೂವರೆ ಮಿ.ಮೀ. ಕೀಸಿ. ಬಿಗಿದಾಗ ಸರಳುಗಳ ಆಟದಿಂದ ದವಡೆಯ ತಲೆ ಹೊರಕ್ಕೆ ವಾಲುತ್ತದೆ, ಈ ಓರೆ ಅದನ್ನು ತುಂಬಿಕೊಂಡು ಎರಡು ಮುಖವನ್ನೂ ಸಮ ಮಾಡುತ್ತದೆ. ವೈಸಿನಲ್ಲಿ ಮಾಡುವ ಎಲ್ಲ ಸುಧಾರಣೆಗಳಲ್ಲಿ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಫಲ ಕೊಡುವುದು ಇನ್ನೊಂದಿಲ್ಲ.

ಒಂದು ಹಲಗೆಗಾದರೂ ಎರಡು ಮೂರು ಮಿ.ಮೀ. ಚರ್ಮ, ಒರಟು ಮೈ ಹೊರಗೆ ಬರುವಂತೆ ರಬ್ಬರ್ ಅಂಟಿನಲ್ಲಿ ಅಂಟಿಸಿದರೆ ಅರ್ಧ ಬಿಗಿಗೇ ಹಿಡಿತ ಬರುತ್ತದೆ. ಸ್ಕೂಟರ್ ಟ್ಯೂಬ್ ಹಚ್ಚುವುದು ಕಂಡಿದೆ. ಹಿಡಿತ ಚೆನ್ನಾಗಿಯೇ ಇರುತ್ತದೆ, ಬಿಳಿ ಮರದ ಮೇಲೆ ಕರಿ ಗೆರೆ ಬರುತ್ತದೆ, ಪಾಲಿಶ್ ಹಾಕಿದ ಮೇಲೇ ಅದು ಎದ್ದು ಕಾಣುವುದು.

ಉದ್ದನೆ ತುಂಡನ್ನು ನಿಲ್ಲಿಸಿ ಹಿಡಿಯುವಾಗ ಸರಳು ತಪ್ಪಿಸಲು ದವಡೆಯ ಒಂದು ಪಕ್ಕದಲ್ಲೇ ಹಿಡಿಯಬೇಕಾಗುತ್ತದೆ. ಆಗ ಇನ್ನೊಂದು ಪಕ್ಕ ಒಳಕ್ಕೆ ತಿರುಚಿಕೊಂಡು ದವಡೆ ಕತ್ತರಿಯಂತೆ ನಿಲ್ಲುತ್ತದೆ. ಸರಳು ಸವೆಯುವುದು, ಕೊನೆಗೆ ಬೀಡು ಬಿರಿಯುವುದು ಇದರಿಂದಲೇ. ಇನ್ನೊಂದು ಪಕ್ಕಕ್ಕೆ ಅಷ್ಟೇ ದಪ್ಪದ ಜೊತೆತುಂಡು ಬೇಕು. ಪ್ರತಿ ಸಲ ಹುಡುಕುವ ಬದಲು 4, 6, 9, 12, 19 ಮಿ.ಮೀ. ಪ್ಲೈ ಚೂರುಗಳನ್ನು ಒಂದೇ ಅಳತೆಗೆ ಕೊಯ್ದು ಒಂದು ಮೂಲೆಯಲ್ಲಿ ಬೋಲ್ಟ್ ಹಾಕಿ. ಇಸ್ಪೀಟ್ ಎಲೆಯಂತೆ ಬಿಡಿಸಿ ಬೇಕಾದಷ್ಟನ್ನು ದವಡೆಗೆ ಇಳಿಸಬಹುದು. 25 ಬೇಕೆ, 19 ಮತ್ತು 6. ಬೋಲ್ಟ್ ಉದ್ದವಾಗಿ ಆಚೀಚೆ ಚಾಚಿದ್ದರೆ ಎಲೆಗಳು ಒಳಗೆ ಬೀಳದೆ ದವಡೆಯ ಮೇಲೆ ನಿಲ್ಲುತ್ತವೆ.

ಮಾರ್ಚಿನಲ್ಲಿ ಒಮ್ಮೆ

ಮಳೆಗಾಲದಲ್ಲಿ ಕೂರಿಸಿದ ವೈಸ್ ಮಾರ್ಚಿಗೆ ಸಡಿಲವಾಗಿರುತ್ತದೆ. ವೈಸಿನ ತಪ್ಪಿಲ್ಲ, ಮರ ಒಣಗಿ ಕುಗ್ಗಿರುತ್ತದೆ. ಎರಡು ಅಡಿ ಅಗಲದ ತೇಗದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಮೂರು ನಾಲ್ಕು ಮಿ.ಮೀ. ಹಿಗ್ಗಿ ಕುಗ್ಗುವುದುಂಟು. ಅದಕ್ಕೇ ಹಿಂದಿನ ಎರಡು ಬೋಲ್ಟಿನ ತೂತನ್ನು ಒಂದೂವರೆ ಮಿ.ಮೀ. ದೊಡ್ಡದು ಕೊರೆದಿರಬೇಕು, ಇಲ್ಲವಾದರೆ ಹಲಗೆ ಬೋಲ್ಟಿನ ಸಾಲಿನಲ್ಲೇ ಸೀಳುತ್ತದೆ. ಮೊದಲ ಬೇಸಿಗೆಯಲ್ಲಿ ನಟ್ಟುಗಳನ್ನು ಅರ್ಧ ಸುತ್ತು ಬಿಗಿದು, ಹಚ್ಚಿದ ಹಲಗೆಯ ತುದಿ ಬೆಂಚಿಗಿಂತ ಮೇಲೆದ್ದಿದ್ದರೆ ಕೀಸಿ ಮಟ್ಟ ಮಾಡಿ. ಸರಳಿಗೆ ಎಣ್ಣೆ ಬಿಡಬೇಡಿ, ಎಣ್ಣೆಯೂ ಮರದ ಪುಡಿಯೂ ಸೇರಿ ಹಿಟ್ಟಾಗುತ್ತದೆ. ಮೇಣದಬತ್ತಿ ತಿಕ್ಕಿದರೆ ಸಾಕು, ತುಕ್ಕೂ ಹಿಡಿಯುವುದಿಲ್ಲ. ಕ್ವಿಕ್ ರಿಲೀಸಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅರ್ಧನಟ್ಟು ತಿಕ್ಕುವುದೂ ಆವತ್ತೇ ಆಗಲಿ.

ಇಷ್ಟಾದ ಮೇಲೆ ನಾಲ್ಕಡಿ ಹಲಗೆಯೊಂದನ್ನು ಅಂಚು ಮೇಲಾಗಿ ಹಿಡಿದು ಬಲತುದಿಯಿಂದ ಒಮ್ಮೆ ಜೋರಾಗಿ ಕೀಸಿ ನೋಡಿ. ಹಲಗೆ ಜಾರಿದರೆ ಹಚ್ಚಿದ ಹಲಗೆಯ ಓರೆ ನೋಡಬೇಕು. ದವಡೆ ಜೋತರೆ ಪ್ಯಾಕಿಂಗು, ಬೋಲ್ಟು. ಎರಡೂ ಅಲ್ಲಾಡದೆ ಬೆಂಚೇ ಎಡಕ್ಕೆ ಒಂದು ಹೆಜ್ಜೆ ನಡೆದರೆ ಕಾಲುಗಳ ನಡುವಿನ ಕೆಳಗಿನ ಪಟ್ಟಿಗಳ ಮೇಲೆ ಒಂದು ಹಲಗೆ ಹಾಸಿ ಎರಡು ಮೂಟೆ ಮರಳು ಹೇರಿ. ಮೂಟೆಯ ಬಾಯನ್ನು ಬಿಗಿಯಾಗಿ ಕಟ್ಟಿ, ಮರಳಿನ ಒಂದು ಕಣ ಉಜ್ಜುಗೊರಡಿನ ಕೆಳಗೆ ಸಿಕ್ಕರೂ ಅಲಗು ಹೋಯಿತು.